ಬೀಳುವ ಕೋಲು ಹೇಳುವ ಮಿದುಳಿನ ಸ್ಥಿತಿ

ತಲೆಗೆ ಪೆಟ್ಟು ಬಿದ್ದ ಆಟಗಾರನಿಗೆ ಕನ್ಕಷನ್, ಅಂದರೆ ಪೆಟ್ಟಿನ ಅದುರುವಿಕೆಯಿಂದ ಮಿದುಳಿಗಾಗುವ ಗಾಯ, ಆಗಿದೆಯೇ ಇಲ್ಲವೇ ಎಂದು ತೀರ್ಮಾನಿಸುವುದು ನುರಿತ ವೈದ್ಯರಿಗೂ ಸುಲಭವಲ್ಲ. ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಅದನ್ನು ಸಿ.ಟಿ. ಸ್ಕ್ಯಾನ್ ತೋರಿಸುತ್ತದೆ, ಆದರೆ ಕನ್ಕಷನ್‌ನಲ್ಲಿ ಕೆಡುವುದು ಹೆಚ್ಚಾಗಿ ಮಿದುಳಿನ ರಚನೆಯಲ್ಲ, ಅದರ ಕಾರ್ಯ. ತಲೆ ರಭಸದಿಂದ ಅದುರಿದಾಗ ನರತಂತುಗಳು ಜಗ್ಗಿ, ನರಕೋಶಗಳಿಂದ ಪೊಟ್ಯಾಸಿಯಂ ಹೊರಕ್ಕೂ ಕ್ಯಾಲ್ಸಿಯಂ ಒಳಕ್ಕೂ ನುಗ್ಗುತ್ತವೆ. ಈ ಏರುಪೇರನ್ನು ಸರಿಪಡಿಸಲು ಕೋಶವು ಅಪಾರ ಶಕ್ತಿಯನ್ನು ವ್ಯಯಿಸಬೇಕಾಗುವುದರಿಂದ, ಕಂಡದ್ದನ್ನು ಗ್ರಹಿಸಿ ಕೈಗೆ ಆದೇಶ ಕಳಿಸುವಂತಹ ಮಾಮೂಲಿ ಕೆಲಸವೂ ತುಸು ನಿಧಾನಗೊಳ್ಳುತ್ತದೆ.

ಈ ನಿಧಾನವನ್ನು ಅಳೆಯುವ ಕಂಪ್ಯೂಟರ್ ಪರೀಕ್ಷೆಗಳಿವೆ. ಆದರೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜೇಮ್ಸ್ ಎಕ್ನರ್ ಮತ್ತು ಅವರ ಸಂಗಡಿಗರು ಮೈದಾನದ ಅಂಚಿನಲ್ಲೇ ಬಳಸಬಹುದಾದ ಸಾಧನವೊಂದನ್ನು ರೂಪಿಸಿದರು: ಅಳತೆಯ ಗೆರೆಗಳಿರುವ ಒಂದು ಕೋಲು, ಅದರ ತುದಿಗೆ ಭಾರಕ್ಕಾಗಿ ಒಂದು ಬಿಲ್ಲೆ, ಅಷ್ಟೆ. ಆಟಗಾರ ಮುಂಗೈಯನ್ನು ಮೇಜಿನ ಮೇಲೆ ಊರಿ, ಬಿಲ್ಲೆಯ ಸುತ್ತ ಬೆರಳುಗಳನ್ನು ಮುಟ್ಟದಂತೆ ಅರೆತೆರೆದು ಕಾಯುತ್ತಾನೆ. ಪರೀಕ್ಷಕರು ಸುಳಿವು ಕೊಡದೆ ಕೋಲನ್ನು ಕೈಬಿಟ್ಟೊಡನೆ ಅವನು ಅದನ್ನು ಹಿಡಿಯಬೇಕು. ಮುಂದಿನದು ಹೈಸ್ಕೂಲಿನ ಭೌತಶಾಸ್ತ್ರ. ಬಿದ್ದ ದೂರದ ಎರಡರಷ್ಟನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ ವರ್ಗಮೂಲ ತೆಗೆದರೆ ಪ್ರತಿಕ್ರಿಯಾ ಸಮಯ ಸಿಗುತ್ತದೆ. ಕೋಲು 20 ಸೆಂ.ಮೀ. ಜಾರಿದ್ದರೆ ಸುಮಾರು 202 ಮಿಲಿಸೆಕೆಂಡು, 26 ಸೆಂ.ಮೀ. ಜಾರಿದ್ದರೆ ಸುಮಾರು 230. ಯಾರ ಕಣ್ಣಿಗೂ ನಿಲುಕದ 28 ಮಿಲಿಸೆಕೆಂಡುಗಳು ಕೋಲಿನ ಮೇಲೆ ಮೂರು ಬೆರಳಗಲದಷ್ಟು ಅಂತರವಾಗಿ ಎದ್ದು ಕಾಣುತ್ತವೆ.

2010ರಲ್ಲಿ ಈ ತಂಡ ಪ್ರಕಟಿಸಿದ ಫಲಿತಾಂಶದಲ್ಲಿ ಕಂಡುಬಂದ ವ್ಯತ್ಯಾಸವೂ ಹೆಚ್ಚುಕಡಿಮೆ ಇಷ್ಟೇ. ಕ್ರೀಡಾ ಋತುವಿನ ಆರಂಭಕ್ಕೆ ಮುನ್ನ 209 ಕಾಲೇಜು ಕ್ರೀಡಾಪಟುಗಳನ್ನು ಪರೀಕ್ಷಿಸಿ, ಅನಂತರ ಕನ್ಕಷನ್‌ಗೆ ಒಳಗಾದ ಎಂಟು ಮಂದಿಯನ್ನು ಮೂರು ದಿನಗಳೊಳಗೆ ಮತ್ತೆ ಪರೀಕ್ಷಿಸಿದಾಗ, ಏಳು ಮಂದಿ ಮೊದಲಿಗಿಂತ ತಡವಾಗಿ ಕೋಲನ್ನು ಹಿಡಿದರು, ವಿಳಂಬ ಶೇ. 15ರ ಆಸುಪಾಸಿನಲ್ಲಿತ್ತು. ಎಂಟು ಬಹಳ ಚಿಕ್ಕ ಸಂಖ್ಯೆ ಎಂಬುದು ನಿಜ. ಮುಂದಿನ ಅಧ್ಯಯನವೊಂದರಲ್ಲಿ ಕನ್ಕಷನ್ ಆದ 28 ಮಂದಿಯನ್ನು ಆಗದ 28 ಮಂದಿಯೊಂದಿಗೆ ಹೋಲಿಸಿದಾಗ, ಪರೀಕ್ಷೆಯು ಪೆಟ್ಟಾದವರಲ್ಲಿ ಶೇ. 75ರಷ್ಟು ಮಂದಿಯನ್ನು ಗುರುತಿಸಿತು, ಪೆಟ್ಟಾಗದವರಲ್ಲಿ ಶೇ. 68ರಷ್ಟು ಮಂದಿಗೆ ಮಾತ್ರ ಕನ್ಕಷನ್ ಇಲ್ಲವೆಂದು ಸರಿಯಾಗಿ ಹೇಳಿತು. ಆದ್ದರಿಂದ ಕೋಲೊಂದನ್ನೇ ನಂಬಿ ತೀರ್ಪು ಕೊಡುವುದು ತರವಲ್ಲ. ಅದು ಲಕ್ಷಣ, ಸಮತೋಲ, ನೆನಪುಗಳ ಪರೀಕ್ಷೆಯ ಜೊತೆಗಿರಬೇಕು.

ಅದಕ್ಕಿಂತ ಮುಖ್ಯವಾಗಿ, ಆಟಗಾರನ ಸಮಯವನ್ನು ಹೋಲಿಸಬೇಕಾದದ್ದು ಅವನದೇ ಹಳೆಯ ಅಳತೆಯೊಂದಿಗೆ. ಒಬ್ಬನಿಗೆ ಸಹಜವಾದ 230 ಮಿಲಿಸೆಕೆಂಡು ಇನ್ನೊಬ್ಬನಲ್ಲಿ ಮಿದುಳಿನ ಗಾಯದ ಸೂಚನೆಯಾಗಿರಬಹುದು. ಋತುವಿಗೆ ಮೊದಲು ಅಳೆದಿಡದಿದ್ದರೆ ಈ ಕೋಲಿನ ಬೆಲೆ ಬಹುಪಾಲು ಹೋದಂತೆಯೇ. ಮುಂದೆ ಪೆಟ್ಟು ಬಿದ್ದರೂ ಆಟ ತಪ್ಪಬಾರದೆಂದು ಮೊದಲ ಪರೀಕ್ಷೆಯಲ್ಲೇ ಬೇಕೆಂದು ಕೆಟ್ಟದಾಗಿ ಮಾಡುವ ಚಾಲಾಕಿಗಳೂ ಇದ್ದಾರೆ. ಆದರೆ ಕಣ್ಣೆದುರು ಬೀಳುತ್ತಿರುವ ವಸ್ತುವನ್ನು ಹಿಡಿಯದೆ ಬಿಡುವುದು, ಕಂಪ್ಯೂಟರ್ ಗುಂಡಿಯನ್ನು ತಡವಾಗಿ ಒತ್ತುವುದಕ್ಕಿಂತ ಕಷ್ಟವೆಂದು ನನಗನಿಸುತ್ತದೆ.

ಒಂದೇ ಸಲದ ಪರೀಕ್ಷೆ ಸಾಲದೆಂಬುದಕ್ಕೆ ಕ್ರಿಕೆಟ್‌ನಲ್ಲಿಯೂ ನಿದರ್ಶನವಿದೆ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ಜೋಫ್ರಾ ಆರ್ಚರ್ ಎಸೆದ ಚೆಂಡು ಕುತ್ತಿಗೆಗೆ ಬಡಿದು ನೆಲಕ್ಕುರುಳಿದ ಸ್ಟೀವ್ ಸ್ಮಿತ್, ತಪಾಸಣೆಗಳನ್ನು ದಾಟಿ ಅದೇ ದಿನ ಮರಳಿ ಬ್ಯಾಟ್ ಮಾಡಿದರು. ಲಕ್ಷಣಗಳು ಕಾಣಿಸಿಕೊಂಡದ್ದು ಅನಂತರ. ಮರುದಿನ ಅವರ ಬದಲಿಗೆ ಇಳಿದ ಮಾರ್ನಸ್ ಲಬುಶೇನ್ ಟೆಸ್ಟ್ ಕ್ರಿಕೆಟ್‌ನ ಮೊದಲ ಕನ್ಕಷನ್ ಬದಲಿ ಆಟಗಾರರಾದರು.