ಐಡಿ ಫ್ಯಾನಿಗೆ ವೈಬ್ರೇಶನ್ ಸೆನ್ಸರ್: ಕೂರಿಸುವ ಕ್ರಮ, ಮತ್ತು ‘ಜಿ’ಯಿಂದ ಮಿ.ಮೀ./ಸೆ.ಗೆ ಹೋಗುವಾಗ ಎಡವುವ ಜಾಗ

ಉದಾಹರಣೆಗೆ ಮುಧೋಳ, ಜಮಖಂಡಿ, ಗೋಕಾಕ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಾಣುವಂಥ ಒಂದು ಬಾಯ್ಲರ್ ಐಡಿ ಫ್ಯಾನ್ (ಇಂಡ್ಯೂಸ್ಡ್ ಡ್ರಾಫ್ಟ್, ಅಂದರೆ ಬಾಯ್ಲರಿನ ಹೊಗೆಯನ್ನು ಚಿಮಣಿ ಕಡೆಗೆ ಎಳೆಯುವ ಫ್ಯಾನ್) ತೆಗೆದುಕೊಳ್ಳೋಣ. 200 ಕಿಲೋವ್ಯಾಟ್ ಮೋಟರ್, 990 ಆರ್‌ಪಿಎಂ, ಎರಡು ಪ್ಲಮ್ಮರ್ ಬ್ಲಾಕ್ (ಬೇರಿಂಗ್ ಕೂರುವ ಹೌಸಿಂಗ್), ಕಾಂಕ್ರೀಟ್ ಬುನಾದಿ. ಹಂಗಾಮಿನ ನಡುವೆ ಇದು ನಿಂತರೆ ಬಾಯ್ಲರ್ ನಿಂತಂತೆ, ಯಾರ್ಡಿನಲ್ಲಿ ಟ್ರ್ಯಾಕ್ಟರ್ ಮೇಲಿನ ಕಬ್ಬು ಅಲ್ಲೇ ಒಣಗುತ್ತದೆ. ಹಾಗಾಗಿ ಡ್ರಿಲ್, ಟ್ಯಾಪ್ ಕೆಲಸವೆಲ್ಲ ಆಫ್ ಸೀಸನ್‌ನಲ್ಲೇ ಮುಗಿದಿರಬೇಕು.

ಕೂರಿಸುವುದು

ಸೆನ್ಸರ್ ಸಾಮಾನ್ಯ 100 ಮಿಲಿವೋಲ್ಟ್/ಜಿ ಐಇಪಿಇ (ಒಳಗೇ ಎಲೆಕ್ಟ್ರಾನಿಕ್ಸ್ ಇರುವ) ಆಕ್ಸಿಲರೋಮೀಟರ್, ಅಂದರೆ ವೇಗೋತ್ಕರ್ಷ ಅಳೆಯುವ ಸೆನ್ಸರ್. ಬೇರಿಂಗಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ನಡುವೆ ಗಟ್ಟಿ ಲೋಹ ಬಿಟ್ಟು ಬೇರೇನೂ ಇರಬಾರದು. ಕಪ್ಲಿಂಗ್ ಗಾರ್ಡ್, ಮೋಟರಿನ ಹಿಂದಿನ ಫ್ಯಾನ್ ಕವರ್ ಬೇಡವೇ ಬೇಡ. ಆ ತಗಡು ತನ್ನಷ್ಟಕ್ಕೆ ತಾನೇ ಕುಣಿಯುತ್ತದೆ, ನಾವು ಅದನ್ನೇ ಅಳೆಯುತ್ತ ಕೂರುತ್ತೇವೆ.

ಬಣ್ಣ ಪೂರ್ತಿ ಕೆರೆದು, ಸುಮಾರು 30 ಮಿ.ಮೀ. ಅಗಲಕ್ಕೆ ಸ್ಪಾಟ್ ಫೇಸ್ ಮಾಡಿ (ಆ ಜಾಗವನ್ನು ಸಮತಟ್ಟಾಗಿ ಕೊರೆಯಿರಿ). ಎಂ6 ಸ್ಟಡ್ಡಿಗೆ 5 ಮಿ.ಮೀ. ಡ್ರಿಲ್, ಎಂ8 ಆದರೆ 6.8. ಡ್ರಿಲ್ ಹಾಕುವ ಮೊದಲು ಹೌಸಿಂಗಿನ ಡ್ರಾಯಿಂಗ್ ನೋಡಿ ಗೋಡೆ ಎಷ್ಟು ದಪ್ಪವಿದೆ ಎಂದು ತಿಳಿದುಕೊಳ್ಳಿ. ಗ್ರೀಸ್ ಇರುವ ಒಳಭಾಗಕ್ಕೆ ತೂತು ಹೋಗಬಾರದು. ಸ್ಟಡ್ ತಳ ಮುಟ್ಟಿದರೆ ಸೆನ್ಸರಿನ ತಳ ಮೇಲ್ಮೈಗೆ ಕೂರುವುದಿಲ್ಲ, ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಮೇಲೆ ನೋಡಿದರೆ ಬಿಗಿಯಾಗಿಯೇ ಕಾಣುತ್ತದೆ, ಹೈ ಫ್ರೀಕ್ವೆನ್ಸಿ ಮಾತ್ರ ಮಾಯವಾಗಿರುತ್ತದೆ. ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ, ಟಾರ್ಕ್ ವ್ರೆಂಚಿನಲ್ಲಿ ಸೆನ್ಸರ್ ತಯಾರಕರು ಹೇಳಿದಷ್ಟೇ ಬಿಗಿ ಮಾಡಿ. ಸಾಮಾನ್ಯವಾಗಿ ಅದು 3ರಿಂದ 6 ನ್ಯೂಟನ್ ಮೀಟರ್.

ಸ್ಟಡ್ ಹಾಕಿದರೆ 10 ಕಿಲೋಹರ್ಟ್ಸ್ ಆಸುಪಾಸಿನವರೆಗೂ ನಂಬಬಹುದು. ಮ್ಯಾಗ್ನೆಟ್ ಬೇಸ್ ಆದರೆ ಸುಮಾರು 2 ಕಿಲೋಹರ್ಟ್ಸ್. ಮ್ಯಾಗ್ನೆಟ್ಟನ್ನು ಟಪ್ಪನೆ ಅಂಟಿಸಬೇಡಿ. ಒಂದು ಅಂಚು ತಾಗಿಸಿ ಮೆಲ್ಲಗೆ ಹೊರಳಿಸಿ ಕೂರಿಸಿ. ಟಪ್ಪನೆ ಅಂಟಿದ ಒಂದು ಹೊಡೆತಕ್ಕೆ ಒಳಗಿನ ಸ್ಫಟಿಕವೇ ಹಾಳಾಗಬಹುದು.

ಬಹಳ ಜನ ಎಡವುವ ಜಾಗ

ಸೆನ್ಸರ್ ಕೊಡುವುದು ವೇಗೋತ್ಕರ್ಷ, ಅಂದರೆ ಜಿ. ಕಂಪನ ಎಷ್ಟಿದ್ದರೆ ಸರಿ ಎಂದು ಹೇಳುವ ಐಎಸ್‌ಒ ಸ್ಟ್ಯಾಂಡರ್ಡಿನ ಪಟ್ಟಿ ಇರುವುದು ವೇಗದಲ್ಲಿ, ಮಿ.ಮೀ./ಸೆ. ಆರ್‌ಎಂಎಸ್ (ಒಂದು ಬಗೆಯ ಸರಾಸರಿ; ಪೀಕ್ ಅಂದರೆ ತುತ್ತತುದಿ). ‘ರೀಡಿಂಗ್ ಬರೀ 0.05 ಜಿ ಇದೆ, ಫ್ಯಾನ್ ಚೆನ್ನಾಗಿದೆ’ ಎಂದು ಬರೆದುಬಿಡುವ ತಪ್ಪು ಆಗುವುದು ಇಲ್ಲೇ. ಒಂದೇ ಫ್ರೀಕ್ವೆನ್ಸಿಯ ಕಂಪನಕ್ಕೆ ಸೂತ್ರ ಇದು:

ಮಿ.ಮೀ./ಸೆ. = 1561 × ಜಿ ÷ ಹರ್ಟ್ಸ್

1 ಜಿ ಅಂದರೆ ಭೂಮಿಯ ಗುರುತ್ವದ ವೇಗೋತ್ಕರ್ಷ, 9807 ಮಿ.ಮೀ./ಸೆ.²; ಅದನ್ನು 2π ಇಂದ ಭಾಗಿಸಿದರೆ ಬರುವುದೇ ಈ 1561. ಎರಡೂ ಕಡೆ ಆರ್‌ಎಂಎಸ್ ಇರಬೇಕು, ಇಲ್ಲವೇ ಎರಡೂ ಕಡೆ ಪೀಕ್.

ನಮ್ಮ ಫ್ಯಾನಿಗೆ ಹಾಕಿ ನೋಡೋಣ. 990 ಅನ್ನು 60ರಿಂದ ಭಾಗಿಸಿದರೆ 16.5 ಹರ್ಟ್ಸ್. ಐಎಸ್‌ಒ 10816-3 ಪಟ್ಟಿಯಲ್ಲಿ 15ರಿಂದ 300 ಕಿಲೋವ್ಯಾಟ್ ಯಂತ್ರಕ್ಕೆ, ಗಟ್ಟಿ ಬುನಾದಿಯಾದರೆ ಎ, ಬಿ, ಸಿ, ಡಿ ವಲಯಗಳ ನಡುವೆ 1.4, 2.8, 4.5 ಮಿ.ಮೀ./ಸೆ. ಎಂಬ ಗಡಿಗಳಿವೆ, 4.5 ದಾಟಿದರೆ ಡಿ ವಲಯ, ಅಪಾಯ. (ಆ ಸ್ಟ್ಯಾಂಡರ್ಡಿನ ಜಾಗಕ್ಕೆ 2022ರಲ್ಲಿ 20816-3 ಬಂದಿದೆ.) 4.5 × 16.5 ÷ 1561 = 0.048 ಜಿ. ಸೆನ್ಸರಿನಿಂದ ಹೊರಬರುವುದು ಕೇವಲ 4.8 ಮಿಲಿವೋಲ್ಟ್. ಆ 0.05 ಜಿ ಅಂದರೆ ಡಿ ವಲಯವೇ!

ಈಗ ಬೇರಿಂಗ್ ಹೊರ ರಿಂಗಿನಲ್ಲಿ ಸಣ್ಣ ಚಕ್ಕೆ ಎದ್ದು, 3300 ಹರ್ಟ್ಸ್ ಬಳಿ 1 ಜಿ ಬರುತ್ತಿದೆ ಎನ್ನಿ. 1561 ÷ 3300 = 0.47 ಮಿ.ಮೀ./ಸೆ. ವೇಗದ ಪಟ್ಟಿಯಲ್ಲಿ ಅದು ಎ ವಲಯ, ಹೊಸ ಯಂತ್ರದ ಹಾಗೆ. ಬೇರಿಂಗ್ ಮಾತ್ರ ಒಳಗೆ ಸಾಯುತ್ತಿದೆ.

ಹೀಗೇಕೆ? ವೇಗೋತ್ಕರ್ಷ ಒಂದೇ ದಿಕ್ಕಿಗೆ ಎಷ್ಟು ಹೊತ್ತು ತಳ್ಳುತ್ತದೋ ಅಷ್ಟು ವೇಗ ಕೂಡುತ್ತದೆ. 16.5 ಹರ್ಟ್ಸ್‌ನಲ್ಲಿ ಅರ್ಧ ಆವರ್ತಕ್ಕೆ 30 ಮಿಲಿಸೆಕೆಂಡ್ ಸಿಗುತ್ತದೆ. 3300 ಹರ್ಟ್ಸ್‌ನಲ್ಲಿ 0.15 ಮಾತ್ರ. ವೇಗ ಕೂಡುವ ಮೊದಲೇ ದಿಕ್ಕು ತಿರುಗಿರುತ್ತದೆ. ಸಮಯ 200 ಪಟ್ಟು ಕಡಿಮೆ, ಅಷ್ಟೇ ಜಿ.ಗೆ ಸಿಗುವ ವೇಗವೂ 200 ಪಟ್ಟು ಕಡಿಮೆ. ಹಾಗಾಗಿ ಅಸಮತೋಲನ, ಅಲೈನ್‌ಮೆಂಟ್, ಸಡಿಲ ಬೋಲ್ಟ್‌ಗಳಿಗೆ ಮಿ.ಮೀ./ಸೆ.; ಬೇರಿಂಗ್, ಗೇರ್ ಹಲ್ಲುಗಳಿಗೆ ಜಿ. ಎರಡೂ ಟ್ರೆಂಡ್ ಇಡಬೇಕು, ಒಂದನ್ನು ಬಿಟ್ಟು ಇನ್ನೊಂದು ಸಾಲದು.

ಇದೇ ಸೂತ್ರ ಕೆಳಗಿನ ತುದಿಯಲ್ಲಿ ಇನ್ನೊಂದು ಮೋಸ ಮಾಡುತ್ತದೆ. 1 ಹರ್ಟ್ಸ್‌ನಲ್ಲಿ 0.001 ಜಿ.ಯಷ್ಟು ಗದ್ದಲವಿದ್ದರೂ 1.56 ಮಿ.ಮೀ./ಸೆ. ಆಗಿಬಿಡುತ್ತದೆ. ಸ್ಪೆಕ್ಟ್ರಮ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಕಂಪನ ಎಂದು ತೋರಿಸುವ ಚಿತ್ರ) ಎಡತುದಿಯಲ್ಲಿ ಗುಡ್ಡದ ಇಳಿಜಾರಿನಂತೆ ಕಂಡರೆ ಅದು ಯಂತ್ರದ್ದಲ್ಲ. ಬಿಸಿ ಹೌಸಿಂಗಿಗೆ ತಣ್ಣನೆಯ ಸೆನ್ಸರ್ ಇಟ್ಟ ಕೂಡಲೇ ರೀಡಿಂಗ್ ತೆಗೆದರೆ ಹೀಗಾಗುತ್ತದೆ. ಸ್ವಲ್ಪ ಕಾದು ಮತ್ತೆ ತೆಗೆಯಿರಿ. 600 ಆರ್‌ಪಿಎಂಗಿಂತ ಮೇಲಿನ ಯಂತ್ರಕ್ಕೆ ಹೈ ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನದನ್ನು ತೆಗೆದುಹಾಕುವುದು) 10 ಹರ್ಟ್ಸ್, ಅದಕ್ಕಿಂತ ನಿಧಾನದ್ದಕ್ಕೆ 2. ನಿಮಿಷಕ್ಕೆ ನಾಲ್ಕೈದು ಸುತ್ತು ತಿರುಗುವ ಮಿಲ್ ರೋಲರಿಗೆ ಈ ಸೆಟ್ಟಿಂಗ್ ತಂದು ಹಚ್ಚಬೇಡಿ.

4–20 ಮಿಲಿಆಂಪ್ ಸೆನ್ಸರ್ ಆದರೆ

ಇದು ವೇಗವನ್ನೇ ನೇರವಾಗಿ ಕರೆಂಟಾಗಿ ಕೊಡುತ್ತದೆ. 0ರಿಂದ 25 ಮಿ.ಮೀ./ಸೆ. ಆರ್‌ಎಂಎಸ್ ಸ್ಕೇಲಿನಲ್ಲಿ 4.5 ಅಂದರೆ 6.88 ಮಿಲಿಆಂಪ್. ಲೇಬಲ್ಲಿನಲ್ಲಿ ‘1 ಇಂಚು/ಸೆ. ಪೀಕ್’ ಎಂದಿದ್ದರೆ ಪೂರ್ಣ ಸ್ಕೇಲು 25.4, ಅದೂ ಪೀಕ್. 25 ಮತ್ತು 25.4 ಹತ್ತಿರ ಇರುವುದರಿಂದ ಪಿಎಲ್‌ಸಿಯಲ್ಲಿ (ಯಂತ್ರವನ್ನು ನಿಯಂತ್ರಿಸುವ ಕಂಪ್ಯೂಟರಿನಲ್ಲಿ) 25 ಆರ್‌ಎಂಎಸ್ ಎಂದೇ ತುಂಬಿಬಿಡುತ್ತಾರೆ. ಆಗ ನಿಜವಾದ 4.5 ಆರ್‌ಎಂಎಸ್, ಪರದೆಯ ಮೇಲೆ ಸುಮಾರು 6.3 ಆಗಿ ಕಾಣುತ್ತದೆ, ಫ್ಯಾನ್ ಸುಮ್ಮನೆ ಟ್ರಿಪ್ ಆಗುತ್ತದೆ.

ಕೇಬಲ್

ಶೀಲ್ಡ್ ಅನ್ನು ಪ್ಯಾನೆಲ್ ಬದಿಯಲ್ಲಿ ಮಾತ್ರ ಅರ್ಥ್ ಮಾಡಿ. ಎರಡೂ ತುದಿಗೆ ಕಟ್ಟಿದರೆ 50 ಹರ್ಟ್ಸ್ ನುಸುಳುತ್ತದೆ. 1480 ಆರ್‌ಪಿಎಂ ಮೋಟರಿನ ಸುತ್ತುವ ಫ್ರೀಕ್ವೆನ್ಸಿಯ ಎರಡು ಪಟ್ಟು 49.3 ಹರ್ಟ್ಸ್, ಇವೆರಡನ್ನೂ ಒಂದೇ ಎಂದುಕೊಳ್ಳುವುದು ಸುಲಭ. ಸ್ಪೆಕ್ಟ್ರಮ್ಮಿನ 500 ಹರ್ಟ್ಸ್‌ಗೆ 3200 ಲೈನ್ (ಭಾಗ) ಇಟ್ಟರೆ 0.16 ಹರ್ಟ್ಸ್‌ವರೆಗೆ ಬಿಡಿಸಿ ನೋಡಬಹುದು, ಒಂದು ರೀಡಿಂಗಿಗೆ 6.4 ಸೆಕೆಂಡ್ ಬೇಕು. ಇನ್ನೂ ಸರಳ ದಾರಿ: ಮೋಟರ್ ಆಫ್ ಮಾಡಿ, ಫ್ಯಾನ್ ಪೂರ್ತಿ ನಿಂತ ಮೇಲೂ ಆ ಗೆರೆ ಉಳಿದರೆ ದೋಷ ಕೇಬಲ್ಲಿನದು.

ಐಇಪಿಇ ಸೆನ್ಸರ್ ಆದರೆ ಮಲ್ಟಿಮೀಟರನ್ನು ಡಿಸಿಗೆ ಇಟ್ಟು ಬಯಾಸ್ ವೋಲ್ಟೇಜ್ (ಸೆನ್ಸರಿನ ತಂತಿಯಲ್ಲಿ ಸದಾ ನಿಲ್ಲುವ ಡಿಸಿ ವೋಲ್ಟೇಜ್) ನೋಡಿ. 12ರ ಆಸುಪಾಸು ಇದ್ದರೆ ಸರಿ, ಸೊನ್ನೆ ಇದ್ದರೆ ಶಾರ್ಟ್, ಸಪ್ಲೈನ 24 ಹಾಗೆಯೇ ಕಂಡರೆ ಎಲ್ಲೋ ತುಂಡಾಗಿದೆ.

ಫ್ಯಾನಿನ ರೀಡಿಂಗ್ ಏರಿದಾಗ

16.5 ಹರ್ಟ್ಸ್ ಗೆರೆ ವಾರಗಟ್ಟಲೆ ಮೆಲ್ಲಗೆ ಏರಿದರೆ ಬಗಾಸ್ ಬೂದಿ ಬ್ಲೇಡುಗಳನ್ನು ಸವೆಸುತ್ತಿದೆ ಎಂದು ಮೊದಲು ಸಂಶಯ ಪಡಿ. ಒಂದೇ ಪಾಳಿಯಲ್ಲಿ ದಿಢೀರನೆ ಜಿಗಿದರೆ ಒಂದು ಬ್ಲೇಡಿನ ಬೂದಿ ಗಡ್ಡೆ ಕಳಚಿ ಬಿದ್ದು ಉಳಿದವುಗಳ ಮೇಲೆ ಹಾಗೇ ಇರಬಹುದು. ಬ್ಯಾಲೆನ್ಸ್ ತೂಕ ವೆಲ್ಡ್ ಮಾಡುವ ಮುನ್ನ ಇಂಪೆಲರನ್ನು ಕೆರೆದು ಸ್ವಚ್ಛ ಮಾಡಿ ಮತ್ತೆ ಅಳೆಯಿರಿ. ಅದರ ಎರಡು, ಮೂರು ಪಟ್ಟಾದ 33, 49.5 ಹರ್ಟ್ಸ್ ಗೆರೆಗಳೂ ಜೊತೆಗೆ ಎದ್ದಿದ್ದರೆ ಬುನಾದಿ ಬೋಲ್ಟ್‌ಗಳಿಗೆ ಸ್ಪ್ಯಾನರ್ ಹಚ್ಚಿ ನೋಡಿ.