ಸನ್ ಕೋರಲ್‌ನ ಬುಡದಲ್ಲಿ ಅಡಗುವ ಹಳದಿ ಬಸವನಹುಳು

ಅಕ್ವೇರಿಯಂನ ಸನ್ ಕೋರಲ್ (ಹಳದಿ ಬಣ್ಣದ ಒಂದು ಹವಳ) ಅರಳುವುದನ್ನು ನಿಲ್ಲಿಸಿದರೆ ಹೆಚ್ಚಿನವರು ನೀರು ಪರೀಕ್ಷಿಸುತ್ತಾರೆ, ಆಹಾರ ಬದಲಿಸುತ್ತಾರೆ. ಎರಡೂ ಸರಿಯಿದ್ದು, ಹವಳದ ಹೂವಿನಂಥ ಪುಟ್ಟ ಜೀವಿಗಳಾದ ಪಾಲಿಪ್‌ಗಳು ಮುದುಡಿಕೊಂಡೇ ಇದ್ದರೆ ಹವಳದ ಬುಡ ನೋಡಿ. ಎಪಿಟೋನಿಯಂ ಬಿಲ್ಲೀಯಾನಮ್ ಅಲ್ಲಿ ಅಂಟಿಕೊಂಡಿರಬಹುದು. ಉಷ್ಣವಲಯದ ಈ ಕಡಲ ಬಸವನಹುಳು ಸುಮಾರು ಒಂದು ಸೆಂಟಿಮೀಟರ್ ಉದ್ದ. ಮೈಬಣ್ಣ ಹವಳದಷ್ಟೇ ಹಳದಿಯಾದ್ದರಿಂದ ಕಣ್ಣೆದುರಿಗಿದ್ದರೂ ತಪ್ಪಿಹೋಗುತ್ತದೆ.

ಗುರುತು ಸಿಗುವುದು ಚಿಪ್ಪಿನಲ್ಲಿ. ಭೂತಗನ್ನಡಿ ಹಿಡಿದರೆ ತೆಳುವಾದ, ಮೊನಚು ಗೋಪುರದಂಥ ಸುರುಳಿ. ಪ್ರತಿ ಸುತ್ತನ್ನೂ ಮೇಲಿಂದ ಕೆಳಕ್ಕೆ ಹಾಯುವ ಒತ್ತೊತ್ತಾದ ಸಣ್ಣ ಏಣುಗಳು. ಈ ಕುಟುಂಬದ ಬಸವನಹುಳುಗಳಲ್ಲಿ ಏಣು ಬರಿಯ ಅಲಂಕಾರವಲ್ಲ. ಬೆಳವಣಿಗೆ ನಿಂತಾಗಲೆಲ್ಲ ಚಿಪ್ಪಿನ ಬಾಯಂಚು ದಪ್ಪಗಾಗುತ್ತದೆ, ಮತ್ತೆ ಬೆಳೆದಾಗ ಆ ಹಳೆಯ ಅಂಚು ಏಣಾಗಿ ಹಿಂದೆ ಉಳಿಯುತ್ತದೆ.

ಇದರ ಆಹಾರ ಟ್ಯುಬಾಸ್ಟ್ರಿಯಾ (ಸನ್ ಕೋರಲ್‌ನ ವೈಜ್ಞಾನಿಕ ಹೆಸರು) ಮತ್ತು ಅದರ ಹತ್ತಿರದ ಸಂಬಂಧಿ ಹವಳಗಳ ಮಾಂಸ. ಪಾಚಿ ಮುಟ್ಟುವುದಿಲ್ಲ. ಮೊಟ್ಟೆಯನ್ನೂ ಹವಳದ ಮೇಲೆಯೇ ಇಡುತ್ತದೆ: ಹಳದಿ ಕಾಳುಗಳ ಗೊಂಚಲು, ಪಾಲಿಪ್‌ಗಳ ಸಂದಿನಲ್ಲಿ.

ಹೊಸ ಹವಳವನ್ನು ಕೀಟ ತೆಗೆಯುವ ಔಷಧಿ ನೀರಾದ ಡಿಪ್ ದ್ರಾವಣದಲ್ಲಿ ಅದ್ದಿ ನಿಶ್ಚಿಂತರಾಗುವುದು ದೊಡ್ಡ ತಪ್ಪು. ಬಸವನಹುಳು ಬಾಯಿಮುಚ್ಚಳ ಎಳೆದುಕೊಂಡು ಒಳಗೆ ಕೂತುಬಿಡಬಲ್ಲದು. ಮೊಟ್ಟೆಯ ಕೋಶದ ಗೋಡೆ ಔಷಧಿಯನ್ನು ಒಳಗೆ ಬಿಡುವುದಿಲ್ಲ. ಕೈಯಿಂದ ಹೆಕ್ಕುವುದೇ ಖಚಿತ ದಾರಿ.

ಕತ್ತಲಾದ ಮೇಲೆ ಟಾರ್ಚ್ ಹಿಡಿದು ನೋಡಿ. ಅನುಮಾನ ಬಂದರೆ ಹವಳವನ್ನು ಅದೇ ತೊಟ್ಟಿಯ ನೀರು ತುಂಬಿದ ಬಟ್ಟಲಿಗೆ ತೆಗೆಯಿರಿ. ಬಸವನಹುಳುಗಳನ್ನು ಚಿಮಟದಿಂದ ಎತ್ತಿ, ಮೊಟ್ಟೆಗಳನ್ನು ಮೃದು ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಬ್ರಷ್ ಪಾಲಿಪ್‌ಗೆ ತಾಗದಿರಲಿ. ಹರಿದ ಮಾಂಸ ಕೊಳೆಯಲು ಶುರುವಾದರೆ ಹುಳುವಿಗಿಂತ ಅದೇ ಹೆಚ್ಚು ಹಾನಿ ಮಾಡೀತು. ಬಟ್ಟಲಿನ ನೀರನ್ನು ತೊಟ್ಟಿಗೆ ವಾಪಸು ಸುರಿಯಬೇಡಿ. ಒಂದೇ ಸಲಕ್ಕೆ ಎಲ್ಲವೂ ಸಿಗುವುದಿಲ್ಲ, ಆದ್ದರಿಂದ 3–4 ದಿನಕ್ಕೊಮ್ಮೆಯಂತೆ ಕನಿಷ್ಠ ನಾಲ್ಕು ವಾರ ಇದನ್ನೇ ಮಾಡಿ. ಕಲ್ಲಿನ ಅಡಿಭಾಗವನ್ನು ಪ್ರತಿ ಸಲವೂ ತಿರುಗಿಸಿ ನೋಡಿ. ಹೆಚ್ಚಿನವರು ಬಿಡುವುದು ಅದನ್ನೇ.

ಈ ಅವಧಿಯಲ್ಲಿ ಹವಳಕ್ಕೆ ಆಹಾರ ತಪ್ಪಿಸಬಾರದು. ಸನ್ ಕೋರಲ್‌ಗೆ ಬೆಳಕಿನಿಂದ ಆಹಾರ ಒದಗಿಸುವ ಪಾಚಿಗಳಿಲ್ಲ. ಮೈಸಿಸ್ ಸಿಗಡಿಯಂಥದ್ದನ್ನು ಪಿಪೆಟ್ಟಿನಿಂದ ಪಾಲಿಪ್‌ಗಳ ಬಳಿಯೇ ಬಿಡಬೇಕು. ತೊಟ್ಟಿಯಲ್ಲಿ ಇನ್ನೊಂದು ಸನ್ ಕೋರಲ್ ಇದ್ದರೆ ಅದನ್ನೂ ಅದೇ ದಿನ ಪರೀಕ್ಷಿಸಿ.