ಜಿಂಕೆ ಬೇಟೆ: ಮೈವಾಸನೆಗೆ ಸ್ಪ್ರೇ ಹೊಡೆದರೆ ಸಾಕಾ?

ಪ್ರಶ್ನೆ: ಪೆನ್ಸಿಲ್ವೇನಿಯಾದಲ್ಲಿ ಇದ್ದೇನೆ. ಲೈಸೆನ್ಸ್ ಮಾಡಿಸಿಕೊಂಡು ಈ ಸಲ ಮೊದಲ ಬಾರಿ ಜಿಂಕೆ ಬೇಟೆಗೆ ಹೊರಟಿದ್ದೇನೆ. ನಮ್ಮ ವಾಸನೆ ಅದಕ್ಕೆ ಸಿಗದಿರಲಿ ಅಂತ ಸ್ಪ್ರೇ, ಇದ್ದಿಲಿನ ಪದರ ಇರುವ ಬಟ್ಟೆ ಎಲ್ಲ ಮಾರುತ್ತಾರೆ. ಅದನ್ನು ಕೊಂಡರೆ ಸಾಕಾ?

ಸಾಕಾಗಲ್ಲ. ವಾಸನೆ ಕಡಿಮೆ ಮಾಡಬಹುದು, ಇಲ್ಲವಾಗಿಸೋಕೆ ಆಗಲ್ಲ. ನೀವು ಉಸಿರಾಡುತ್ತಲೇ ಇರುತ್ತೀರಿ, ಅಲ್ವಾ? ಬಿಳಿಬಾಲದ ಜಿಂಕೆಗೆ ಅಷ್ಟು ಸಾಕು. ಕಾಲು ನೆಲಕ್ಕೆ ಬಡಿದು, ಜೋರಾಗಿ ಮೂಗಿನಿಂದ ಸೀನಿದಂತೆ ಸದ್ದು ಮಾಡಿ, ಬಾಲ ಎತ್ತಿ ಓಡಿತೆಂದರೆ ಸುತ್ತಲಿನ ಜಿಂಕೆಗಳಿಗೂ ಸುದ್ದಿ ಮುಟ್ಟಿತು.

ಹಾಗಾಗಿ ಮೊದಲು ಗಾಳಿ ನೋಡುವುದನ್ನು ಕಲಿಯಿರಿ. ಗಾಳಿ ಜಿಂಕೆ ಬರುವ ಕಡೆಯಿಂದ ನಿಮ್ಮ ಕಡೆಗೆ ಬೀಸಬೇಕು. ಆದರೆ ನಿಮ್ಮಲ್ಲಿ ಗುಡ್ಡ ಜಾಸ್ತಿ. ಫೋನಿನಲ್ಲಿ ಕಾಣುವ ಗಾಳಿಯೇ ಬೇರೆ, ಇಳಿಜಾರಿನಲ್ಲಿ ಆಡುವ ಗಾಳಿಯೇ ಬೇರೆ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಕಣಿವೆಗೆ ಇಳಿಯುತ್ತದೆ. ಬಿಸಿಲು ಬಿದ್ದ ಮೇಲೆ ಅದೇ ಗಾಳಿ ಮೇಲಕ್ಕೆ ಏರುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ನಸುಕಿನಲ್ಲಿ ಚೆನ್ನಾಗಿದ್ದ ಜಾಗ ಬಿಸಿಲೇರಿದ ಮೇಲೆ ಕೆಟ್ಟಿರುತ್ತದೆ. ಜೋರು ಗಾಳಿ ಇಲ್ಲದ ದಿನ ಬಿಸಿಲೇರಿದ ಮೇಲೆ ಜಿಂಕೆ ದಾರಿಗಿಂತ ಮೇಲೆ, ಸಂಜೆ ಕೆಳಗೆ ಕೂರುವುದು ಒಳ್ಳೆಯದು.

ಇದನ್ನು ಕಣ್ಣಾರೆ ನೋಡಲು ಮಿಲ್ಕ್‌ವೀಡ್ ಕಾಯಿ ಕಿಸೆಯಲ್ಲಿಟ್ಟುಕೊಳ್ಳಿ. ನಮ್ಮ ಎಕ್ಕದ ಬಳಗದ್ದೇ ಗಿಡ, ಕಾಯಿ ಒಡೆದರೆ ಅದೇ ರೇಷ್ಮೆಯಂಥ ಹತ್ತಿ. ಒಂದು ಎಳೆ ಬಿಟ್ಟು ನೋಡುತ್ತಿರಿ. ಸ್ವಲ್ಪ ದೂರ ನೇರ ಹೋಗುತ್ತದೆ, ಮರದ ಹಿಂದೆ ಗಿರಕಿ ಹೊಡೆಯುತ್ತದೆ, ಆಮೇಲೆ ಸುಮ್ನೆ ಹಳ್ಳದ ಕಡೆ ಜಾರುತ್ತದೆ. ನಿಮ್ಮ ವಾಸನೆಯೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹೋಗುತ್ತಿದೆ.

ಉಳಿದದ್ದು ಎರಡನೆಯ ಮಾತು. ಪರಿಮಳವಿಲ್ಲದ ಸೋಪು ಹಾಕಿ ಬಟ್ಟೆ ಒಗೆದು, ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಅಡುಗೆಮನೆ ಹತ್ತಿರ ಮಾತ್ರ ನೇತುಹಾಕಬೇಡಿ, ಇಂಗಿನ ಒಗ್ಗರಣೆ ಜಾಕೆಟ್ಟಿಗೆ ಹತ್ತಿದರೆ ಬೇಗ ಬಿಡಲ್ಲ. ಕಾಲಿಗೆ ರಬ್ಬರ್ ಬೂಟು. ದಪ್ಪ ಜಾಕೆಟ್ ಬ್ಯಾಗಿನಲ್ಲಿರಲಿ, ನಿಧಾನ ನಡೆಯಿರಿ, ಕೂತ ಮೇಲೆ ಹಾಕಿಕೊಳ್ಳಿ. ಬೆವರಿದರೆ ಸ್ನಾನ ಮಾಡಿದ್ದೂ ದಂಡ. ಇದ್ದಿಲಿನ ಬಟ್ಟೆ ವಾಸನೆ ಹೀರುವುದು ನಿಜ, ಆದರೆ ಹೀರಿದ್ದನ್ನೆಲ್ಲ ಹೊರಹಾಕಲು ಮನೆಯ ಡ್ರೈಯರ್ ಬಿಸಿ ಸಾಲದು. ಅಷ್ಟು ಬೆಲೆಗೆ ನಾನಂತೂ ಕೊಳ್ಳಲ್ಲ.

ಜಿಂಕೆಯನ್ನು ವಾಸನೆಯಿಂದ ಸೆಳೆಯಲು ಅಂಗಡಿಯಲ್ಲಿ ಜಿಂಕೆ ಮೂತ್ರದ ಬಾಟಲಿಯೂ ಸಿಗುತ್ತದೆ. ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ಸಿಡಬ್ಲ್ಯುಡಿ ರೋಗ ಮೂತ್ರದಿಂದಲೂ ಹರಡಬಲ್ಲದು. ನಿಮ್ಮ ರಾಜ್ಯದಲ್ಲಿ ಅದು 2012ರಲ್ಲಿ ಮೊದಲು ಪತ್ತೆಯಾಯಿತು. ಬಾಟಲಿ ಕೊಳ್ಳುವ ಮುಂಚೆ ಬೇಟೆಯ ನಿಯಮ ಮಾಡುವ ರಾಜ್ಯದ ಗೇಮ್ ಕಮಿಷನ್ನಿನ ಈ ವರ್ಷದ ನಿಯಮ, ರೋಗವಿರುವ ಪ್ರದೇಶಗಳ ನಕ್ಷೆ ಎರಡನ್ನೂ ನೋಡಿ.